ಕಡಿದದ್ದರಿಂದಲೇ ಉಳಿದ ಕಾಡು

ಇಂಗ್ಲೆಂಡಿನ ಸಫೋಕ್ ಸೀಮೆಯ ಬ್ರಾಡ್‌ಫೀಲ್ಡ್ ಕಾಡಿನಲ್ಲಿ ಆಶ್ ಮರದ ಒಂದು ಬುಡವಿದೆ. ಅಡ್ಡಳತೆ ಐದೂವರೆ ಮೀಟರಿಗೂ ಮಿಕ್ಕಿ. ನಡುವಿನದೆಲ್ಲ ಎಂದೋ ಕೊಳೆತು ಮಣ್ಣಾಗಿದೆ, ಅಂಚಿನ ಸುತ್ತ ಮಾತ್ರ ಕಾಂಡಗಳು ಎದ್ದಿವೆ. ಸಾವಿರ ವರ್ಷ ಹಳೆಯದೆಂದು ಅಂದಾಜು. ಕತ್ತಿ ತಾಗದೆ ಬೆಳೆದ ಆಶ್ ಇಷ್ಟು ಕಾಲ ಬಾಳುವುದಿಲ್ಲ. ಇದನ್ನು ಬಾಳಿಸಿದ್ದು ಮತ್ತೆ ಮತ್ತೆ ಬಿದ್ದ ಕತ್ತಿಯೇ.

ಈ ಕಾಡು ಬೆರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ಕ್ರೈಸ್ತ ಮಠದ್ದಾಗಿತ್ತು. 1252ರಷ್ಟು ಹಿಂದೆಯೇ ಇಲ್ಲಿ ಸರದಿಯ ಕಡಿತ ನಡೆಯುತ್ತಿತ್ತು. ಚಳಿಗಾಲಕ್ಕೊಂದು ಪಾಲು. ಹೇಝಲ್ ಗಿಡಗಳನ್ನು ಏಳೆಂಟು ವರ್ಷಕ್ಕೊಮ್ಮೆ ಬುಡಮಟ್ಟಕ್ಕೆ ಕಡಿದರೆ ಕೂಳೆಯಿಂದ ನೆಟ್ಟಗಿನ ಕೋಲುಗಳು ಏಳುತ್ತವೆ. ಆ ಕೋಲುಗಳನ್ನು ಹೆಣೆದು ಮಣ್ಣು ಮೆತ್ತಿದರೆ ಗೋಡೆ, ಬರಿದೇ ಹೆಣೆದರೆ ಕುರಿಗಳ ತಡಿಕೆ, ಸೀಳಿ ಬಗ್ಗಿಸಿದರೆ ಹುಲ್ಲುಮಾಡಿನ ಗೂಟ. ತೊಲೆಗೆಂದು ಅಲ್ಲೊಂದು ಇಲ್ಲೊಂದು ಓಕ್ ಬಿಡುತ್ತಿದ್ದರು. ಎಳೆ ಕುಡಿಗೆ ದನ ಬಾಯಿ ಹಾಕದಂತೆ ಕಾಡಿನ ಸುತ್ತ ಅಗಳು ತೋಡಿ ದಿಬ್ಬ ಹಾಕಿದ್ದರು.

ನಾನು ಸಿರ್ಸಿ ಸೀಮೆಯ ಅಡಿಕೆ ತೋಟದ ಮನೆಯವಳು. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಮರ ಮತ್ತೆ ಚಿಗುರುವಷ್ಟು ಬಿಟ್ಟೇ ಕತ್ತಿ ಬೀಸುತ್ತಿದ್ದ ಅಪ್ಪಯ್ಯನನ್ನು ನೋಡಿ ಬೆಳೆದವಳು. ಈಗ ಸಫೋಕಿನಲ್ಲಿದ್ದು, ಚಳಿಗಾಲದ ಕಡಿತಕ್ಕೆ ನಾನೂ ಕೈ ಹಚ್ಚುತ್ತೇನೆ. ಕೂಳೆಯ ಮೇಲೆ ನೀರು ನಿಲ್ಲಬಾರದು, ಅದಕ್ಕೇ ಹೊರಕ್ಕೆ ಓರೆಯಾಗಿ ಕಡಿಯಬೇಕು. ತೊಗಟೆ ಸೀಳಬಾರದು, ಮುಂದಿನ ಮೊಗ್ಗು ಅಲ್ಲೇ ಮಲಗಿರುತ್ತದೆ. ಬಿಸಿಲು ನೆಲ ಮುಟ್ಟಿತೆಂದರೆ ಒಂದೆರಡು ವಸಂತಗಳಲ್ಲಿ ಆ ಜಾಗದ ತುಂಬ ಆಕ್ಸ್‌ಲಿಪ್‌ನ ತಿಳಿಹಳದಿ ಹೂಗೊಂಚಲು. ಕುಡಿಗಳು ದಟ್ಟವಾದ ಮೇಲೆ ಒಳಗೆ ಹಕ್ಕಿಗಳ ಗೂಡು.

ರೈಲು ಹಳ್ಳಿಹಳ್ಳಿಗೆ ಕಲ್ಲಿದ್ದಲು ತಂದ ಮೇಲೆ ಸೌದೆ ಕೇಳುವವರು ಕಡಿಮೆಯಾದರು, ಎಷ್ಟೋ ಕಾಡುಗಳಲ್ಲಿ ಕಡಿತವೇ ನಿಂತಿತು. ಬ್ರಾಡ್‌ಫೀಲ್ಡಿನಲ್ಲಿ ನಿಲ್ಲಲಿಲ್ಲ. ಪಕ್ಕದ ಲಿಟಲ್ ವೆಲ್ನೆಥಮ್‌ನಲ್ಲಿ ಹುಲ್ಲು ಗೋರುವ ಕುಂಟೆ ಮಾಡುವ ಕಾರ್ಖಾನೆಯಿತ್ತು, ಅದಕ್ಕೆ ಇಲ್ಲಿಯ ಮರವೇ ಬೇಕಿತ್ತು. ಗಿರಾಕಿ ಇದ್ದ ಕಾಡು ಉಳಿಯಿತು. ಆದರೂ 1960ರ ದಶಕದಲ್ಲಿ ದೊಡ್ಡ ಭಾಗವನ್ನು ಬೇರುಸಹಿತ ಕಿತ್ತು ಹೊಲ ಮಾಡಿದರು. ಉಳಿದದ್ದನ್ನು 1970ರಲ್ಲಿ ಸಂರಕ್ಷಣಾ ಸಂಸ್ಥೆಯೊಂದು ಕೊಂಡಿತು. ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಆಲಿವರ್ ರ್‍ಯಾಕಮ್ ಇಂಥ ಕಾಡುಗಳ ಚರಿತ್ರೆಯನ್ನು ಅಗಳು, ಬುಡ, ಕಡತಗಳಿಂದ ಬಿಡಿಸಿಟ್ಟರು. ಕೊಡಲಿಯಿಂದ ಕಾಡು ಸಾಯುವುದಿಲ್ಲ, ನೇಗಿಲಿನಿಂದಲೂ ಪೈನ್ ತೋಪಿನಿಂದಲೂ ಸಾಯುತ್ತದೆ ಎಂಬುದು ಅವರ ಬರಹಗಳಿಂದ ನನಗೆ ಮನದಟ್ಟಾಯಿತು. ಕಾಡೆಂದರೆ ಮುಟ್ಟದೆ ಬಿಡುವುದು ಎನ್ನುವವರಿಗೆ ಈ ಬುಡ ತೋರಿಸಬೇಕೆನಿಸುತ್ತದೆ.

ಈಗಿನ ಕಾಟ ಬೇರೆ. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗ ಆಶ್ ಮರಗಳನ್ನು ತುದಿಯಿಂದ ಒಣಗಿಸುತ್ತಿದೆ. ಜಿಂಕೆಗಳಂತೂ ವಿಪರೀತ ಹೆಚ್ಚಿವೆ, ಹೊಸ ಕುಡಿ ಏಳುತ್ತಲೇ ತಿಂದು ಮುಗಿಸುತ್ತವೆ. ಮಠದ ಕಾಲದ ಅಗಳು ದನಕ್ಕೆ ಸಾಕಿತ್ತು, ಜಿಂಕೆಗೆ ಸಾಲದು. ಹಾಗಾಗಿ ಕಡಿತ ಮುಗಿದ ಕೂಡಲೇ ಬೇಲಿಯ ಕೆಲಸ ಶುರು.