ಒಂದೇ ವಾದ್ಯವೃಂದ, ಎರಡು ಭಾಷೆ: ಕೋಡಂಬಾಕ್ಕಂನಲ್ಲಿ ಹುಟ್ಟಿದ ಕನ್ನಡ ಹಾಡು

ಶೋಳಿಂಗನಲ್ಲೂರಿನಿಂದ ಮಾತಾಡ್ತಿದ್ದೇನೆ. ಇವತ್ತಿನ ವಿಷಯ ಹಾಡು.

ಇಂಗ್ಲಿಷ್ ಹಾಡು ಕೇಳೋರ ನಡುವೆ ಒಂದು ಹಳೇ ಜಗಳ ಇದೆ. ಬ್ರಿಟನ್ನಿನ ಜನಪ್ರಿಯ ಸಂಗೀತ ಮೇಲೋ, ಅಮೆರಿಕದ್ದು ಮೇಲೋ? ಒಬ್ಬರು ಬೀಟಲ್ಸ್ ಅಂತಾರೆ, ಇನ್ನೊಬ್ಬರು ಎಲ್ವಿಸ್, ಮೋಟೌನ್ ಅಂತಾರೆ. ಇಲ್ಲಿ ಓಎಂಆರ್ ರಸ್ತೆಯ ಆಫೀಸುಗಳಲ್ಲಿ ಕೆಲಸ ಮಾಡೋ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ ಇದೇ ಜಗಳ ಬೇರೆ ವೇಷದಲ್ಲಿ ಎದುರಾಗುತ್ತೆ. ಊಟದ ಹೊತ್ತಲ್ಲಿ ತಮಿಳು ಗೆಳೆಯರು ಕೇಳ್ತಾರೆ: ನಿಮ್ಮಲ್ಲಿ ಇಳಯರಾಜಾ ಥರ ಯಾರಿದ್ದಾರೆ? ನಮ್ಮವರು ರಾಜನ್-ನಾಗೇಂದ್ರ ಅಂತಾರೆ, ಹಂಸಲೇಖ ಅಂತಾರೆ. ಪಟ್ಟಿಗೆ ಪಟ್ಟಿ ಎದುರು ನಿಲ್ಲುತ್ತೆ, ಊಟ ಆರಿ ಹೋಗುತ್ತೆ.

ಈ ಜಗಳಕ್ಕೆ ಒಂದು ತೊಂದರೆ ಇದೆ. 1950ರ ಸುಮಾರಿನಿಂದ 1980ರವರೆಗೆ ಇವು ಎರಡು ತಂಡಗಳೇ ಆಗಿರಲಿಲ್ಲ. ಇದ್ದದ್ದು ಒಂದೇ ಅಂಗಡಿ. ಅದು ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಕೋಡಂಬಾಕ್ಕಂ, ವಡಪಳನಿ.

ಮೊದಲು ಇಂಗ್ಲಿಷ್ ಕಥೆಯನ್ನೇ ಸ್ವಲ್ಪ ನೋಡೋಣ. ಮಿಸಿಸಿಪ್ಪಿಯ ಹತ್ತಿ ಹೊಲಗಳ ಕರಿಯ ಜನರ ಬ್ಲೂಸ್ ಹಾಡು ಷಿಕಾಗೋಗೆ ಹೋಯಿತು. ಅಲ್ಲಿ ಚೆಸ್ ಅನ್ನೋ ಕಂಪನಿ ಅದನ್ನ ರೆಕಾರ್ಡು ಮಾಡಿತು. ಆ ರೆಕಾರ್ಡುಗಳು ಸಮುದ್ರ ದಾಟಿ ಲಂಡನ್ನಿನ, ಲಿವರ್‌ಪೂಲಿನ ಹುಡುಗರ ಕೈಗೆ ಸಿಕ್ಕವು. 1964ರ ಫೆಬ್ರವರಿ 9ರಂದು ಬೀಟಲ್ಸ್ ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಹಾಡಿದರು, ದೇಶವೇ ಮರುಳಾಯಿತು. ಅದೇ ವರ್ಷ ಜೂನ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಅನ್ನೋ ಇನ್ನೊಂದು ಇಂಗ್ಲಿಷ್ ತಂಡ ನೇರವಾಗಿ ಷಿಕಾಗೋದ ಚೆಸ್ ಸ್ಟುಡಿಯೊಗೇ ಹೋಗಿ ಹಾಡು ಮುದ್ರಿಸಿಕೊಂಡಿತು. ಅವರ ತಂಡದ ಹೆಸರೇ ಷಿಕಾಗೋದ ಗಾಯಕ ಮಡ್ಡಿ ವಾಟರ್ಸ್ ಹಾಡಿನಿಂದ ಬಂದದ್ದು. ಅಂದರೆ ಅಮೆರಿಕದ ಎಷ್ಟೋ ಬಿಳಿಯ ಹುಡುಗರು ತಮ್ಮದೇ ದೇಶದ ಸಂಗೀತವನ್ನ ಇಂಗ್ಲೆಂಡಿನವರ ಬಾಯಿಂದ ಕೇಳಿ ತಿಳಿದರು. ಜಿಮಿ ಹೆಂಡ್ರಿಕ್ಸ್ ಸಿಯಾಟಲ್‌ನವನು, ಹೆಸರು ಮಾಡಿದ್ದು 1966ರಲ್ಲಿ ಲಂಡನ್ನಿಗೆ ಹೋದ ಮೇಲೆ. ಇವನನ್ನ ಯಾವ ಪಟ್ಟಿಗೆ ಹಾಕ್ತೀರಿ?

ಈಗ ನಮ್ಮ ಮನೆಗೆ ಬರೋಣ.

ಮೊದಲ ಕನ್ನಡ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಗೆ ಬಂತು. ಅದನ್ನ ತೆಗೆದದ್ದು ಮರಾಠಿ ಸೀಮೆಯ ಕೊಲ್ಹಾಪುರದಲ್ಲಿ. ನಮಗೆ ಸ್ವಂತ ಸ್ಟುಡಿಯೊ ಇರಲಿಲ್ಲ. ಆಮೇಲೆ ಮೈಸೂರಿನಲ್ಲಿ ಪ್ರೀಮಿಯರ್ ಸ್ಟುಡಿಯೊ ಬಂದರೂ, ಹಾಡಿನ ರೆಕಾರ್ಡಿಂಗ್ ಅಂದರೆ ಮದರಾಸೇ. ಕಾರಣ ಸರಳ. ಒಳ್ಳೆಯ ಮೈಕು, ಒಳ್ಳೆಯ ರೆಕಾರ್ಡಿಸ್ಟು, ಸ್ವರ ಬರೆದ ಕಾಗದ ಮುಂದಿಟ್ಟರೆ ನೋಡಿ ನುಡಿಸೋ ಪಿಟೀಲಿನವರು, ಎಲ್ಲರೂ ಇದ್ದದ್ದು ಇಲ್ಲಿ. ಬೆಳಗ್ಗೆ ತಮಿಳು ಹಾಡಿಗೆ ನುಡಿಸಿದವರು ಮಧ್ಯಾಹ್ನ ತೆಲುಗಿಗೆ, ಮಾರನೇ ದಿನ ಕನ್ನಡಕ್ಕೆ.

ಹಾಗಂತ ಎಲ್ಲ ಕಾಲದಲ್ಲೂ ತಮಿಳಿನಿಂದ ಕನ್ನಡಕ್ಕೇ ನೀರು ಹರಿದದ್ದು ಅಂದುಕೋಬೇಡಿ. ಎ.ವಿ. ಮೇಯಪ್ಪನ್ ಅವರು 1943ರ ಕನ್ನಡದ 'ಸತ್ಯ ಹರಿಶ್ಚಂದ್ರ'ವನ್ನ 1944ರಲ್ಲಿ ತಮಿಳಿಗೆ ಡಬ್ ಮಾಡಿದರು. ಭಾರತದಲ್ಲಿ ಡಬ್ಬಿಂಗ್ ಶುರುವಾದದ್ದೇ ಇದರಿಂದ. ಕನ್ನಡದಲ್ಲಿ ಡಬ್ಬಿಂಗ್ ಬೇಕೋ ಬೇಡವೋ ಅಂತ ವರ್ಷಗಟ್ಟಲೆ ಜಗಳ ಆಡಿದ ನಮಗೆ ಈ ಸಂಗತಿ ನೆನಪಿರೋದೇ ಇಲ್ಲ. 1954ರ 'ಬೇಡರ ಕಣ್ಣಪ್ಪ' ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ಗುಬ್ಬಿ ಕಂಪನಿಯ ಹಿನ್ನೆಲೆಯದ್ದು, ಅಪ್ಪಟ ನಮ್ಮದು ಅಂತೀವಿ. ಅದಕ್ಕೆ ಸಂಗೀತ ಎವಿಎಂನ ಆರ್. ಸುದರ್ಶನಂ ಅವರದ್ದು. ಕಣ್ಣಪ್ಪ ಶಿವನನ್ನ ಕರೆಯೋ ಆ ಹೆಸರಾಂತ ಹಾಡನ್ನ ಹಾಡಿದವರು ಸಿ.ಎಸ್. ಜಯರಾಮನ್, ತಮಿಳಿನ ದೊಡ್ಡ ಗಾಯಕ.

ಈಗ ಈ ಕಥೆಯ ಮುಖ್ಯ ಮನುಷ್ಯ, ಜಿ.ಕೆ. ವೆಂಕಟೇಶ್. ತಮಿಳಿನ ವಿಶ್ವನಾಥನ್-ರಾಮಮೂರ್ತಿ ಜೋಡಿಗೆ ಸಹಾಯಕರಾಗಿದ್ದವರು, ಕನ್ನಡದಲ್ಲಿ ಸ್ವತಂತ್ರವಾಗಿ ಬೆಳೆದವರು. 1968ರಲ್ಲಿ ದೊರೈ-ಭಗವಾನ್ 'ಜೇಡರ ಬಲೆ' ಮಾಡಿದಾಗ ಸಂಗೀತ ಇವರದ್ದೇ. ಜೇಮ್ಸ್ ಬಾಂಡ್ ಬಂದದ್ದು ಇಂಗ್ಲೆಂಡಿನಿಂದ. ಅದರ ಸಂಗೀತಗಾರ ಜಾನ್ ಬ್ಯಾರಿ ಇಂಗ್ಲಿಷಿನವನು, ಅವನು ಕಿವಿಗೊಟ್ಟದ್ದು ಅಮೆರಿಕದ ಜಾಜ್‌ಗೆ. ಆ ತುತ್ತೂರಿ, ಆ ಗಿಟಾರು ಕೋಡಂಬಾಕ್ಕಂಗೆ ಬಂದು, ಸಿಐಡಿ 999 ಆದ ರಾಜಣ್ಣನ ಹಿಂದೆ ನುಡಿಯಿತು. ಲಂಡನ್ನು, ನ್ಯೂಯಾರ್ಕು, ಮದರಾಸು, ಕೊನೆಗೆ ನಮ್ಮೂರಿನ ಟೂರಿಂಗ್ ಟಾಕೀಸು!

ವೆಂಕಟೇಶ್ ಅವರ ತಂಡದಲ್ಲಿ ಗಿಟಾರು ನುಡಿಸ್ತಾ, ಸಹಾಯಕನಾಗಿ ಸ್ವರ ಬರೀತಾ ಇದ್ದ ಒಬ್ಬ ಹುಡುಗ ಇದ್ದ. ಊರು ಪಣ್ಣೈಪುರಂ, ಹೆಸರು ರಾಸಯ್ಯ. 1976ರಲ್ಲಿ ತಮಿಳಿನ 'ಅನ್ನಕ್ಕಿಳಿ'ಗೆ ಸಂಗೀತ ಕೊಟ್ಟು ಇಳಯರಾಜಾ ಆದ. ಅದಕ್ಕೂ ಮೊದಲು ಅವನು ದುಡಿದ ಚಿತ್ರಗಳಲ್ಲಿ ಕನ್ನಡದವು ಬಹಳ. ಹಾಗಾಗಿ 'ನಿಮ್ಮಲ್ಲಿ ಇಳಯರಾಜಾ ಥರ ಯಾರು' ಅನ್ನೋ ಪ್ರಶ್ನೆಗೆ ಒಂದು ತಮಾಷೆಯ ಉತ್ತರ ಇದೆ: ಇಳಯರಾಜಾ ಅವರೇ. ದೊಡ್ಡ ವಾದ್ಯವೃಂದಕ್ಕೆ ಬರೆಯೋ ಕಸುಬಿನ ಒಂದು ಪಾಲು ಅವರ ಕೈಗೆ ಹತ್ತಿದ್ದು ಕನ್ನಡ ಹಾಡುಗಳ ಮೇಲೆ. ಆಮೇಲೆ ಅವರೇ 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ'ಗೆ, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ'ಗೆ ಸಂಗೀತ ಕೊಟ್ಟರು. ಸಾಲ ಬಡ್ಡಿ ಸಮೇತ ವಾಪಸು ಬಂತು ಅನ್ನಿ.

ಎಸ್.ಪಿ. ಬಾಲಸುಬ್ರಹ್ಮಣ್ಯಂ ವಿಷಯವೂ ಹಾಗೇ. ತೆಲುಗಿನವರು. 1966ರಲ್ಲಿ ತೆಲುಗಿನಲ್ಲಿ ಮೊದಲ ಹಾಡು, ಆದ ಕೆಲವೇ ದಿನಕ್ಕೆ ಕನ್ನಡದ 'ನಕ್ಕರೆ ಅದೇ ಸ್ವರ್ಗ'ಕ್ಕೆ ಎಂ. ರಂಗರಾವ್ ಅವರ ಕೈಕೆಳಗೆ ಹಾಡಿದರು. ತಮಿಳಿಗೆ ಬಂದದ್ದು ಅದಾದ ಮೇಲೆ.

ಹಾಗಾದರೆ ವ್ಯತ್ಯಾಸವೇ ಇಲ್ವಾ? ಇದೆ. ಒಂದೇ ಕಥೆಯ ಎರಡು ಚಿತ್ರ ಪಕ್ಕಪಕ್ಕ ಇಟ್ಟು ಕೇಳಿದರೆ ಗೊತ್ತಾಗುತ್ತೆ. 1971ರ 'ಕಸ್ತೂರಿ ನಿವಾಸ' 1975ರಲ್ಲಿ ಶಿವಾಜಿ ಗಣೇಶನ್ ಅವರ 'ಅವನ್ ದಾನ್ ಮನಿದನ್' ಆಯಿತು. ಕನ್ನಡಕ್ಕೆ ಸಂಗೀತ ವೆಂಕಟೇಶ್, ತಮಿಳಿಗೆ ಅವರ ಹಳೆಯ ಗುರುವಿನಂತಿದ್ದ ಎಂ.ಎಸ್. ವಿಶ್ವನಾಥನ್. ಊರು ಒಂದೇ, ವಾದ್ಯಗಾರರ ಬಳಗವೂ ಹೆಚ್ಚುಕಮ್ಮಿ ಒಂದೇ. ಆದರೆ ತಮಿಳಿನಲ್ಲಿ ಟಿ.ಎಂ. ಸೌಂದರರಾಜನ್ ಅವರ ಕಂಠ, ಎದೆಯಾಳದಿಂದ ಬರೋ ತುಂಬು ದನಿ. ಶಿವಾಜಿಯವರ ನಟನೆಯಷ್ಟೇ ದೊಡ್ಡದು. ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್. ಮೆಲ್ಲಗೆ, ಕಿವಿ ಹತ್ತಿರ ಬಂದು ಹೇಳಿದ ಹಾಗೆ. ಎಲ್ಲ ಕಳಕೊಂಡ ಮನುಷ್ಯನ ದುಃಖವನ್ನ ತಮಿಳು ಹಾಡು ಸಭೆಗೆ ಹೇಳುತ್ತೆ, ಕನ್ನಡ ಹಾಡು ತನಗೇ ಹೇಳಿಕೊಳ್ಳುತ್ತೆ. ನನಗೆ ಎರಡನೆಯದು ಹೆಚ್ಚು ಇಷ್ಟ. ಅದು ನನ್ನ ಕಿವಿಯ ಅಭ್ಯಾಸವೂ ಇರಬಹುದು.

ಶ್ರೀನಿವಾಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಾಕಿನಾಡದಲ್ಲಿ ಹುಟ್ಟಿದ ತೆಲುಗರು. ಕನ್ನಡಿಗರ ಪಾಲಿಗೆ ರಾಜ್‌ಕುಮಾರ್ ದನಿ, ತಮಿಳರ ಪಾಲಿಗೆ ಜೆಮಿನಿ ಗಣೇಶನ್ ದನಿ. ಅವರನ್ನ ನೋಡಬೇಕಾದರೆ ಕ್ಯಾಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ಗೆ ಹೋದರೆ ಆಯ್ತು. ತಲೆಗೆ ಟೋಪಿ, ಜೇಬಿನ ತುಂಬಾ ಬಣ್ಣಬಣ್ಣದ ಪೆನ್ನು, ಕೂತು ಪದ್ಯ ಬರೀತಿದ್ದರು. ಹೋಟೆಲ್ಲು ಉಡುಪಿಯವರದ್ದು. ಅದು 2008ರಲ್ಲಿ ಮುಚ್ಚಿತು, ಅವರು 2013ರಲ್ಲಿ ತೀರಿಕೊಂಡರು.

1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ವೆಂಕಟೇಶ್ ಅವರು ರಾಜ್‌ಕುಮಾರ್ ಕೈಲೇ ಹಾಡಿಸಿದರು. ಆಮೇಲೆ ರಾಜ್‌ಕುಮಾರ್ ತಮ್ಮ ಹಾಡು ತಾವೇ ಹಾಡತೊಡಗಿದರು. ಇದು ಎಷ್ಟು ವಿಚಿತ್ರ ನೋಡಿ. ತಮಿಳಿನಲ್ಲಿ ತ್ಯಾಗರಾಜ ಭಾಗವತರ್ ಕಾಲದ ಹಾಡುವ ನಟ 1950ರ ದಶಕದಲ್ಲೇ ಮರೆಯಾದ, ನಟ ಬೇರೆ ಗಾಯಕ ಬೇರೆ ಆಯಿತು. ಕನ್ನಡ ಇಪ್ಪತ್ತು ವರ್ಷದ ಮೇಲೆ ಗಡಿಯಾರ ಹಿಂದಕ್ಕೆ ತಿರುಗಿಸಿತು. ನಾಟಕ ಕಂಪನಿಯ ನಟ ಮತ್ತೆ ಬಾಯಿ ತೆರೆದ. ಅಷ್ಟಕ್ಕೇ ನಿಲ್ಲಲಿಲ್ಲ, 'ಜೀವನ ಚೈತ್ರ'ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ತಮಿಳಿಗಿಂತ ನಮ್ಮ ಹಾಡು ಬೇರೆ ಅಂತ ಗಟ್ಟಿಯಾಗಿ ಹೇಳೋ ಮೊದಲ ಜಾಗ ನನ್ನ ಪ್ರಕಾರ ಇದು.

ಎರಡನೇ ಜಾಗ ಭಾವಗೀತೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಸಿನಿಮಾ ಹಂಗಿಲ್ಲದೆ ಪುಸ್ತಕದ ಕವಿತೆ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಗೆ ಬಂದು ಕೂತಿತು. ತಮಿಳಿನಲ್ಲಿ ಕಣ್ಣದಾಸನ್ ಅಂಥ ದೊಡ್ಡ ಕವಿಯನ್ನ ಸಿನಿಮಾವೇ ಎಳಕೊಂಡಿತು. ನಮ್ಮಲ್ಲಿ ಬೇಂದ್ರೆ, ಕುವೆಂಪು, ಕೆ.ಎಸ್.ನ. ಸಿನಿಮಾದ ಹೊರಗೂ ಜನರ ಬಾಯಿಗೆ ಬಂದರು. ಇದರಲ್ಲೂ ಚೆನ್ನೈ ಪಾಲಿಲ್ಲ ಅನ್ನಲಾಗದು. ಸಿ. ಅಶ್ವತ್ಥ್ ಚಿತ್ರಗಳಿಗೆ ಜೊತೆಗೂಡಿದ್ದು ಎಲ್. ವೈದ್ಯನಾಥನ್ ಜೊತೆ. 'ಮಾಲ್ಗುಡಿ ಡೇಸ್' ಸಂಗೀತ ಮಾಡಿದವರು ಅವರೇ. ಅವರ ತಮ್ಮ ಎಲ್. ಶಂಕರ್ ಇಂಗ್ಲೆಂಡಿನ ಗಿಟಾರುಗಾರ ಜಾನ್ ಮೆಕ್‌ಲಾಫ್ಲಿನ್ ಜೊತೆ ಶಕ್ತಿ ತಂಡದಲ್ಲಿ ಪಿಟೀಲು ನುಡಿಸಿದವರು. ಒಂದೇ ಮನೆಯ ಒಂದು ಪಿಟೀಲು ಕನ್ನಡಕ್ಕೆ, ಒಂದು ಲೋಕ ಸುತ್ತೋಕೆ.

ದೂರ ಆದಾಗ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಕಿಂಕ್ಸ್ ತಂಡ ನೋಡಿ. 1965ರಿಂದ 1969ರವರೆಗೆ ಅಮೆರಿಕದಲ್ಲಿ ಕಛೇರಿ ಮಾಡೋಕೆ ಅವರಿಗೆ ಅವಕಾಶ ಸಿಗಲಿಲ್ಲ. ಅಮೆರಿಕದ ದಾರಿ ಮುಚ್ಚಿದಾಗ ತಮ್ಮ ಹಳ್ಳಿ, ತಮ್ಮ ಬೀದಿ, ಚಹಾ, ಅಜ್ಜಿ ತಾತನ ಬಗ್ಗೆ ಹಾಡು ಕಟ್ಟಿದರು. ನಮ್ಮಲ್ಲಿ ಯಾರೂ ಬಾಗಿಲು ಮುಚ್ಚಲಿಲ್ಲ. ರಾಜ್ಯದೊಳಗೆ ತಯಾರಾದ ಚಿತ್ರಕ್ಕೆ ಸರ್ಕಾರದ ಸಹಾಯಧನ, ಶಂಕರ್ ನಾಗ್ ಬೆಂಗಳೂರಿನಲ್ಲಿ ಕಟ್ಟಿದ ಸಂಕೇತ್ ಸ್ಟುಡಿಯೊ, ಹೀಗೆ ನಿಧಾನಕ್ಕೆ ಮನೆ ಬದಲಾಯಿತು. ಆ ಹೊತ್ತಿಗೆ ಹಂಸಲೇಖ ಬಂದರು. ಸಾಹಿತ್ಯವೂ ಅವರದ್ದೇ, ಟ್ಯೂನೂ ಅವರದ್ದೇ. 1987ರ 'ಪ್ರೇಮಲೋಕ'ದ ಮೇಲೆ ಅಮೆರಿಕದ ಕಾಲೇಜು ಹುಡುಗರ ಹಾಡುಚಿತ್ರಗಳ ನೆರಳು ಇದೆ, ಆದರೆ ಮಾತು ಬೆಂಗಳೂರು ಬೀದಿಯದ್ದು. ಅದೇ ಚಿತ್ರ ತಮಿಳಿನಲ್ಲಿ 'ಪರುವ ರಾಗಂ' ಆಗಿ ಇಲ್ಲಿಗೂ ಬಂತು.

ಕಳೆದುಕೊಂಡದ್ದೂ ಇದೆ. ಕೋಡಂಬಾಕ್ಕಂನ ದೊಡ್ಡ ಪಿಟೀಲು ಬಳಗ ಬೆಂಗಳೂರಿಗೆ ಬರಲಿಲ್ಲ, ಕೀಬೋರ್ಡು ಬಂತು. ಪರಭಾಷೆಯ ಗಾಯಕರ ಹಂಗೂ ತಪ್ಪಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ. 2006ರ 'ಮುಂಗಾರು ಮಳೆ'ಗೆ ಸಂಗೀತ ಅಮೆರಿಕದಲ್ಲಿ ನೆಲೆಸಿದ ಮನೋಮೂರ್ತಿ, ಕೆಲವು ಹಾಡುಗಳಿಗೆ ಸಾಹಿತ್ಯ ಜಯಂತ್ ಕಾಯ್ಕಿಣಿ, ಕಂಠ ಮುಂಬೈನ ಸೋನು ನಿಗಮ್.

ಕೊನೆಗೆ ಒಂದು ಕೆಲಸದ ಮಾತು. ಅಮೆರಿಕದ ಮೋಟೌನ್ ಕಂಪನಿಯ ವಾದ್ಯಗಾರರ ಹೆಸರು ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ತನ್ನ ಆಲ್ಬಂ ಮೇಲೆ ಅವರ ಹೆಸರು ಹಾಕಿಸಿದ. 2002ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರವೇ ಬಂತು. ನಮ್ಮ ಹಳೇ ರೆಕಾರ್ಡು ತೆಗೆದು ನೋಡಿ. ಚಿತ್ರದ ಹೆಸರು, ಕವಿ, ಗಾಯಕರು, ಸಂಗೀತ ನಿರ್ದೇಶಕರು. ಪಿಟೀಲಿನವರು, ಕೊಳಲಿನವರು, ತಬಲಾದವರು ಎಲ್ಲಿ? ಅವರಲ್ಲಿ ಉಳಿದವರಿಗೆ ಈಗ ಎಂಬತ್ತರ ಆಸುಪಾಸು. ಚೆನ್ನೈಯಲ್ಲಿ ಇರೋ ಕನ್ನಡದವರೇ, ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಅಂಥವರು ಇದ್ದರೆ ಈ ಭಾನುವಾರವೇ ಹೋಗಿ. ಯಾವ ವಾದ್ಯ, ಯಾವ ಚಿತ್ರ, ಪಕ್ಕದಲ್ಲಿ ಕೂತು ಯಾರು ನುಡಿಸ್ತಿದ್ದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ತಮಿಳಲ್ಲಿ ಹೇಳಿದರೆ ತಮಿಳಲ್ಲೇ ಬರೆದುಕೊಳ್ಳಿ.