ಜನ ಮರುಳೋ, ಜಾತ್ರೆ ಮರುಳೋ: ಬಾಗಲಕೋಟೆ ಮತದಾರರ ಲೆಕ್ಕ

ಚುನಾವಣೆ ಬಂತೆಂದರೆ ಪತ್ರಿಕೆ, ಟಿವಿಗಳಲ್ಲಿ ಒಂದು ಪದ ಓಡಾಡುತ್ತದೆ: ‘ಜನಮರುಳು ಯೋಜನೆ’. ಅಕ್ಕಿ ಕೊಟ್ಟರೆ, ಸಾಲ ಮನ್ನಾ ಮಾಡಿದರೆ ಹಳ್ಳಿಯವರು ಮರುಳಾಗಿ ಓಟು ಹಾಕುತ್ತಾರೆ ಎಂಬುದು ಅದರ ಅರ್ಥ. ಇದೇ ಹಳ್ಳಿಯವರನ್ನು ‘ಸಂಪ್ರದಾಯಸ್ಥರು, ಹಳೆಯದನ್ನು ಬಿಡುವುದಿಲ್ಲ’ ಎಂದೂ ಹೇಳುತ್ತಾರೆ. ಹೊಸ ಭರವಸೆಗೆ ಮರುಳಾಗುವವರೂ ಇವರೇ, ಹಳೆಯದಕ್ಕೆ ಅಂಟಿಕೊಂಡವರೂ ಇವರೇ ಎಂದರೆ ಹೇಗೆ? ನಮ್ಮ ಜಿಲ್ಲೆಯ ಎರಡು ಚುನಾವಣೆಗಳನ್ನು ನೋಡೋಣ.

ಮೊದಲನೆಯದು 1991ರ ಲೋಕಸಭೆ ಚುನಾವಣೆ. ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆ ನಿಂತಿದ್ದರು. 1983ರಿಂದ 1988ರವರೆಗೆ ಮುಖ್ಯಮಂತ್ರಿಯಾಗಿದ್ದವರು, ದೇಶಕ್ಕೆಲ್ಲ ಗೊತ್ತಿದ್ದ ಹೆಸರು. ಎದುರಿಗೆ ಕಾಂಗ್ರೆಸ್‌ನಿಂದ ಜಮಖಂಡಿ ಕಡೆಯ ಸಿದ್ದು ನ್ಯಾಮಗೌಡ. ಗೆದ್ದವರು ನ್ಯಾಮಗೌಡರು. ಅದಕ್ಕೆ ಎರಡು ವರ್ಷ ಮೊದಲು, 1989ರಲ್ಲಿ, ಚಿಕ್ಕಪಡಸಲಗಿ ಹತ್ತಿರ ಕೃಷ್ಣಾ ನದಿಗೆ ರೈತರೇ ದುಡ್ಡು ಕೂಡಿಸಿ, ತಾವೇ ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದ್ದರು. ಅದರ ಮುಂದಾಳು ನ್ಯಾಮಗೌಡರು. ‘ಬ್ಯಾರೇಜ್ ಸಿದ್ದು’ ಎಂದೇ ಜನ ಕರೆದರು. ಹೆಗಡೆಯವರ ಹೆಸರು ಎಷ್ಟೇ ದೊಡ್ಡದಿರಲಿ, ಬ್ಯಾರೇಜಿನ ನೀರು ಹೊಲದ ಬದುವಿನ ಮೇಲೆ ನಿಂತು ನೋಡಿದರೆ ಕಾಣುತ್ತಿತ್ತು.

ಎರಡನೆಯದು 2018ರ ವಿಧಾನಸಭೆ ಚುನಾವಣೆ. ಮುಖ್ಯಮಂತ್ರಿ ಸಿದ್ದರಾಮಯ್ಯ ಮೈಸೂರು ಕಡೆಯ ಚಾಮುಂಡೇಶ್ವರಿಯ ಜೊತೆಗೆ ಬಾದಾಮಿಯಲ್ಲೂ ನಿಂತರು. ಎದುರಿಗೆ ಬಳ್ಳಾರಿ ಕಡೆಯ ಬಿ. ಶ್ರೀರಾಮುಲು. ಇಬ್ಬರೂ ಹೊರಗಿನವರೇ. ಸಿದ್ದರಾಮಯ್ಯ ತಮ್ಮ ಕಡೆಯಲ್ಲಿ ಸೋತು, ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಜಾತಿ ಲೆಕ್ಕ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2013ರಲ್ಲಿ ಶುರುವಾದ ಅನ್ನಭಾಗ್ಯದ ಅಕ್ಕಿಯೂ ಮನೆಮನೆಯಲ್ಲಿ ಇತ್ತು. ಅಂತರ ಎಷ್ಟು ಸಣ್ಣದೆಂದೂ ನೋಡಿ. ಅಕ್ಕಿ ಉಂಡವರೆಲ್ಲ ಒಂದೇ ಗುಂಡಿ ಒತ್ತಿದ್ದರೆ ಹೀಗಾಗುತ್ತಿರಲಿಲ್ಲ.

ಈ ಎರಡು ಚುನಾವಣೆಗಳಿಂದ ಒಂದು ಮಾತು ತಿಳಿಯುತ್ತದೆ. ‘ನಮ್ಮ ಊರಿನವ’ ಎಂಬುದಷ್ಟೇ ಸಾಲದು, ‘ದೊಡ್ಡವ’ ಎಂಬುದೂ ಸಾಲದು. ಮಧ್ಯವರ್ತಿಯ ಕೈಗೆ ಹೋಗದೆ ನಮ್ಮ ಮನೆ, ನಮ್ಮ ಹೊಲ ಮುಟ್ಟುವುದು ಏನು ಎಂದು ಜನ ನೋಡುತ್ತಾರೆ. ‘ಪಾಪ್ಯುಲಿಸ್ಟ್’ ಎಂಬ ಪದ ಹುಟ್ಟಿದ್ದೂ ರೈತರ ನಡುವೆಯೇ. 1892ರ ಸುಮಾರಿಗೆ ಅಮೆರಿಕದಲ್ಲಿ ರೈಲು ಕಂಪನಿ, ಬ್ಯಾಂಕುಗಳ ವಿರುದ್ಧ ರೈತರು ಕಟ್ಟಿದ ‘ಪೀಪಲ್ಸ್ ಪಾರ್ಟಿ’ಯವರನ್ನು ಹಾಗೆ ಕರೆದರು. ಅದರ ತಿರುಳು ಇಷ್ಟೇ: ಇತ್ತ ನಾವು ದುಡಿಯುವವರು, ಅತ್ತ ನಮ್ಮದನ್ನು ತಿನ್ನುವ ಅವರು. ಈ ಗೆರೆ ಎಳೆಯುವ ನಾಯಕ ಕೆಲವೊಮ್ಮೆ ನಿಜ ಹೇಳುತ್ತಾನೆ, ಕೆಲವೊಮ್ಮೆ ‘ಅವರು’ ಎಂದು ಪಕ್ಕದ ಓಣಿಯವರನ್ನೇ ತೋರಿಸುತ್ತಾನೆ.

ಇನ್ನು ಸಂಪ್ರದಾಯದ ಮಾತು. ಇದ್ದದ್ದನ್ನು ಕಳೆದುಕೊಳ್ಳುವ ಭಯವೇ ಸಂಪ್ರದಾಯವಾದದ ಬೇರು. ಇಳಕಲ್ ನೇಕಾರರನ್ನು ನೋಡಿ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಹಳೆಯ ಪದ್ಧತಿಯನ್ನು ಅವರು ಬಿಟ್ಟಿಲ್ಲ. ಅದೇ ನೇಕಾರರು ಸಾಲ ಮನ್ನಾ ಕೇಳುತ್ತಾರೆ, ನೂಲಿಗೆ ಸಹಾಯಧನ ಕೇಳುತ್ತಾರೆ. ಇದರಲ್ಲಿ ವಿರೋಧವಿಲ್ಲ. ಹಳೆಯ ಮಗ್ಗ ಉಳಿಯಬೇಕಾದರೆ ಸರ್ಕಾರದ ಕೈ ಬೇಕು.

ಯಾವುದು ಹಳೆಯದು ಎಂಬುದೂ ಬದಲಾಗುತ್ತ ಹೋಗುತ್ತದೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮ ಇಂದು ನಮಗೆ ಪುಣ್ಯಕ್ಷೇತ್ರ, ಹಿರಿಯರಿಂದ ಬಂದ ನಡೆ. ಆದರೆ 12ನೇ ಶತಮಾನದಲ್ಲಿ ಬಸವಣ್ಣನವರು ಹೇಳಿದ್ದು ಅಂದಿನ ಸಂಪ್ರದಾಯದ ವಿರುದ್ಧದ ಮಾತು.

ಹೊಲದ ಕಥೆಯೂ ಹಾಗೇ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ‘ಉಳುವವನೇ ಹೊಲದೊಡೆಯ’ ಎಂದಾಗ ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಹೊಲ ಕಳೆದುಕೊಂಡ ಮನೆಗಳಿಗೆ ಅದು ಹಿರಿಯರ ಆಸ್ತಿ ಹೋದ ನೋವು, ಪಡೆದವರಿಗೆ ಹೊಸ ಬದುಕು. ಮುಂದೆ 2020ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿಯಾಗಿ, ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿಯಾಯಿತು. ಆಗ ರೈತ ಸಂಘಟನೆಗಳು ಬೀದಿಗಿಳಿದವು. 1974ರಲ್ಲಿ ಬದಲಾವಣೆ ಎನಿಸಿದ್ದು 2020ರ ಹೊತ್ತಿಗೆ ಉಳಿಸಿಕೊಳ್ಳಬೇಕಾದ ಹಳೆಯ ಆಸರೆಯಾಗಿತ್ತು.

ಹಾಗಾಗಿ ಜನಪ್ರಿಯ ನಾಯಕನಿಗೆ ಓಟು ಹಾಕುವವನೂ ಸಂಪ್ರದಾಯಸ್ಥನೂ ಬೇರೆ ಬೇರೆ ಜನರಾಗಬೇಕಿಲ್ಲ, ಬಹಳ ಸಲ ಒಬ್ಬರೇ. ತನ್ನದು ಉಳಿಯಬೇಕು ಎಂಬ ಆಸೆಯಿಂದಲೇ ಆತ ಕೊಡುವವನ ಕಡೆ ವಾಲುತ್ತಾನೆ.

ಇದರಲ್ಲಿ ಅಪಾಯವೂ ಇದೆ. ತಿಂಗಳು ತಿಂಗಳು ಬರುವುದು ಕಣ್ಣಿಗೆ ಕಾಣುತ್ತದೆ, ವರ್ಷಗಟ್ಟಲೆ ಆಗದೆ ಉಳಿದದ್ದು ಕಾಣುವುದಿಲ್ಲ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಅಣೆಕಟ್ಟೆಯ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರಿದರೆ ಮತ್ತಷ್ಟು ಹೊಲ, ಮನೆ ಮುಳುಗುತ್ತವೆ. ಅಲ್ಲಿಯ ಜನ ಪರಿಹಾರ, ಪುನರ್ವಸತಿಗಾಗಿ ಸರ್ಕಾರದಿಂದ ಸರ್ಕಾರಕ್ಕೆ ಕಾಯುತ್ತ ಬಂದಿದ್ದಾರೆ.

ಮುಂದಿನ ಸಲ ಯಾವ ಪಕ್ಷದವರೇ ಬಾಗಿಲಿಗೆ ಬರಲಿ, ಎರಡು ಪ್ರಶ್ನೆ ಕೇಳಬಹುದು. ನಮ್ಮದರಲ್ಲಿ ಏನನ್ನು ಉಳಿಸುತ್ತೀರಿ? ನೀವು ಹೋದ ಮೇಲೆ ಏನು ಉಳಿಯುತ್ತದೆ? ಸಿದ್ದು ನ್ಯಾಮಗೌಡರು 2018ರ ಮೇ ತಿಂಗಳಲ್ಲಿ ಅಪಘಾತದಲ್ಲಿ ತೀರಿಕೊಂಡರು. ಚಿಕ್ಕಪಡಸಲಗಿಯ ಬ್ಯಾರೇಜ್ ಇದೆ.