ಹದಿನೈದನೇ ಸುತ್ತಿನ ಹುಡುಗ

ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ಈಗ 12 ಸುತ್ತಿಗೆ ಮುಗಿಯುತ್ತದೆ. ಮೊದಲು ಹಾಗಿರಲಿಲ್ಲ. 1980ರ ಹೊತ್ತಿನಲ್ಲಿ 15 ಸುತ್ತು ಇರುತ್ತಿತ್ತು. ಒಂದೊಂದು ಸುತ್ತಿಗೆ ಮೂರು ನಿಮಿಷ, ನಡುನಡುವೆ ಒಂದೇ ನಿಮಿಷದ ವಿರಾಮ. ಬರೀ ಹೊಡೆದಾಟದ ಲೆಕ್ಕ ಹಿಡಿದರೆ ಆಗ 45 ನಿಮಿಷ, ಈಗ 36. ಹೀಗೆ ಕಡಿಮೆಯಾದ ಒಂಬತ್ತು ನಿಮಿಷದಲ್ಲೇ ತನ್ನ ಹೆಸರು ಬರೆದು ಹೋದ ಹುಡುಗನೊಬ್ಬನ ಕಥೆ ಇದು.

ಅವನ ಹೆಸರು ಸಾಲ್ವಡೋರ್ ಸಾಂಚೆಸ್. ಮೆಕ್ಸಿಕೊ ದೇಶದವನು. ವಿಶ್ವ ಪಟ್ಟಕ್ಕಾಗಿ ಹತ್ತು ಪಂದ್ಯ ಆಡಿದ, ಹತ್ತನ್ನೂ ಗೆದ್ದ. ಆ ಹತ್ತರಲ್ಲಿ ಎಂಟು ಪಂದ್ಯಗಳು 12ನೇ ಸುತ್ತು ದಾಟಿ ಹೋದವು. 23ನೇ ವಯಸ್ಸಿಗೆ ತೀರಿಕೊಂಡ.

ಸಂತೆ ಊರಿನ ಹುಡುಗ

ಬಾಕ್ಸಿಂಗ್ ಎಂದರೆ ನಮಗೆ ನೆನಪಾಗುವುದು ಮಹಮ್ಮದ್ ಅಲಿ, ಮೈಕ್ ಟೈಸನ್. ಇಬ್ಬರೂ ನೂರು ಕೆಜಿ ಆಸುಪಾಸಿನ ಭಾರೀ ಆಳುಗಳು. ಆದರೆ ನಮ್ಮ ಊರುಗಳಲ್ಲಿ ಕೆಜಿ ಲೆಕ್ಕದಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯುವ ಹಾಗೆ ಬಾಕ್ಸಿಂಗ್‌ನಲ್ಲೂ ತೂಕಕ್ಕೆ ತಕ್ಕ ವಿಭಾಗಗಳಿವೆ. ಸಾಂಚೆಸ್ ಆಡಿದ್ದು ಫೆದರ್‌ವೇಟ್‌ನಲ್ಲಿ. ಅಂದರೆ ಹಕ್ಕಿಯ ಗರಿಯ ತೂಕ. ಮಿತಿ 126 ಪೌಂಡ್, ನಮ್ಮ ಲೆಕ್ಕದಲ್ಲಿ 57 ಕೆಜಿ ಚಿಲ್ಲರೆ. ಭಾರದ ವಿಭಾಗಗಳಲ್ಲಿ ಅಮೆರಿಕದವರು ಮೆರೆಯುತ್ತಿದ್ದ ಕಾಲದಲ್ಲಿ ಮೆಕ್ಸಿಕೊದವರು ಈ ಹಗುರ ವಿಭಾಗಗಳನ್ನು ತಮ್ಮದಾಗಿಸಿಕೊಂಡಿದ್ದರು. ವಿಸೆಂಟೆ ಸಾಲ್ಡಿವಾರ್, ರೂಬೆನ್ ಒಲಿವಾರೆಸ್, ಕಾರ್ಲೋಸ್ ಸಾರಾಟೆ ಇವರೆಲ್ಲ ಅಲ್ಲಿ ಮನೆಮಾತು.

ಸಾಂಚೆಸ್ ಹುಟ್ಟಿದ್ದು 1959ರ ಜನವರಿ 26ರಂದು, ಸಂತಿಯಾಗೊ ತಿಯಾಂಗಿಸ್ತೆಂಕೊ ಎಂಬ ಊರಿನಲ್ಲಿ. ಅಲ್ಲಿನ ಹಳೆಯ ನಾವಾತ್ಲ್ ಭಾಷೆಯಲ್ಲಿ ಆ ಹೆಸರಿನ ಅರ್ಥ ಸಂತೆಯ ಅಂಚು. ನಮ್ಮಲ್ಲಿ ಬಸವರಾಜ ಬಸ್ಯಾ ಆಗುವ ಹಾಗೆ ಅಲ್ಲಿ ಸಾಲ್ವಡೋರ್ 'ಚಾವಾ' ಆಗುತ್ತಾನೆ. ಗುಂಗುರು ಕೂದಲಿನ ಈ ಚಾವಾ 1975ರಲ್ಲಿ, 16ನೇ ವಯಸ್ಸಿಗೇ ದುಡ್ಡಿಗಾಗಿ ಆಡುವ ವೃತ್ತಿ ಬಾಕ್ಸಿಂಗ್‌ಗೆ ಇಳಿದ.

ಒಂದರ ಮೇಲೊಂದು ಗೆಲ್ಲುತ್ತಾ ಹೋದವನಿಗೆ 1977ರಲ್ಲಿ ಪೆಟ್ಟು ಬಿತ್ತು. ಆಗ ಅವನಿಗೆ 18 ವರ್ಷ. ಇನ್ನೂ ಕಡಿಮೆ ತೂಕದ ಬಾಂಟಮ್‌ವೇಟ್ ವಿಭಾಗದಲ್ಲಿ ಮೆಕ್ಸಿಕೊದ ರಾಷ್ಟ್ರೀಯ ಪಟ್ಟಕ್ಕೆ ಆಂಟೋನಿಯೊ ಬೆಸೆರ್ರಾ ಎಂಬವನ ಎದುರು ಆಡಿದ. ತೀರ್ಪುಗಾರರಲ್ಲೇ ಒಮ್ಮತ ಇರಲಿಲ್ಲ, ಆದರೂ ಬಹುಮತ ಬೆಸೆರ್ರಾ ಕಡೆ ಬಿತ್ತು. 46 ಪಂದ್ಯಗಳ ಬಾಳಿನಲ್ಲಿ ಅವನು ಸೋತದ್ದು ಅದೊಂದೇ. ಇನ್ನೊಂದು ಸಮ ಆಯಿತು. ಉಳಿದ 44 ಗೆದ್ದ.

ಕೈ ಕೆಳಗೆ, ಕಣ್ಣು ಮುಂದೆ

1980ರ ಫೆಬ್ರವರಿ 2. ಅಮೆರಿಕದ ಫೀನಿಕ್ಸ್ ನಗರ. ಎದುರಾಳಿ ವಿಶ್ವ ಚಾಂಪಿಯನ್ ಡ್ಯಾನಿ ಲೋಪೆಜ್, 1976ರಿಂದ ಪಟ್ಟ ಬಿಟ್ಟುಕೊಡದವನು. ಲೋಪೆಜ್‌ನ ರೀತಿಯೇ ಬೇರೆ. ಪೆಟ್ಟು ತಿನ್ನುತ್ತಾನೆ, ಬೀಳುತ್ತಾನೆ, ಎದ್ದು ಬಂದು ಒಂದೇ ಏಟಿಗೆ ಎದುರಾಳಿಯನ್ನು ಮಲಗಿಸುತ್ತಾನೆ. ಹಾಗಾಗಿ ಅವನು ಸೋಲುತ್ತಿದ್ದಾನೆ ಅನ್ನಿಸಿದರೂ ಯಾರೂ ನಂಬುತ್ತಿರಲಿಲ್ಲ.

ಸಾಂಚೆಸ್‌ಗೆ 21 ತುಂಬಿ ಒಂದು ವಾರವಾಗಿತ್ತು ಅಷ್ಟೇ. ಆ ಪಂದ್ಯ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅವನ ಕೈ. ಎಲ್ಲರೂ ಮುಖದ ಮುಂದೆ ಕೈ ಎತ್ತಿಕೊಂಡು ನಿಂತರೆ ಇವನ ಎಡಗೈ ಆಗಾಗ ಸೊಂಟದ ಹತ್ತಿರ ಇಳಿದಿರುತ್ತದೆ. ನೋಡುವವರಿಗೆ ಅಸಡ್ಡೆ ಅನ್ನಿಸಬೇಕು. ಆದರೆ ಅದು ಕರೆಯುವ ರೀತಿ. ಬಾ, ಹೊಡಿ ಅಂತ.

ಎದುರಾಳಿ ಹೊಡೆಯಲು ಕೈ ಚಾಚಿದ ಕ್ಷಣಕ್ಕೆ ಅವನ ಆ ಪಕ್ಕ ಬಯಲಾಗುತ್ತದೆ. ಸಾಂಚೆಸ್ ತಲೆಯನ್ನು ಎರಡು ಬೆರಳಿನಷ್ಟು ಸರಿಸುತ್ತಾನೆ, ಏಟು ಕಿವಿಯ ಪಕ್ಕ ಹೋಗುತ್ತದೆ, ಬಯಲಾದ ಜಾಗಕ್ಕೆ ಇವನ ಬಲಗೈ ಹೋಗಿ ಮುಟ್ಟುತ್ತದೆ. ಬಾಕ್ಸಿಂಗ್‌ನಲ್ಲಿ ಇದಕ್ಕೆ ಕೌಂಟರ್ ಪಂಚ್ ಎನ್ನುತ್ತಾರೆ. ಮುಂದೆ ನುಗ್ಗಿ ಬರುವವನ ವೇಗವೂ ಈ ಏಟಿಗೆ ಸೇರಿಕೊಳ್ಳುತ್ತದೆ. ಅರ್ಧ ಶಕ್ತಿ ತನ್ನದು, ಇನ್ನರ್ಧ ಎದುರಾಳಿಯದೇ.

ಹತ್ತು ಸುತ್ತು ಹೀಗೇ ನಡೆದರೆ ಏನಾಗುತ್ತದೆ ಯೋಚಿಸಿ. ಎದುರಾಳಿ ಗಾಳಿಗೆ ಹೊಡೆದು ದಣಿದಿರುತ್ತಾನೆ. ಇವನು ಬೇಡದ ಒಂದು ಹೆಜ್ಜೆಯನ್ನೂ ಇಟ್ಟಿರುವುದಿಲ್ಲ. ಲೋಪೆಜ್‌ಗೆ ಆದದ್ದು ಇದೇ. 13ನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ನಾಲ್ಕೂವರೆ ತಿಂಗಳ ನಂತರ ಲಾಸ್ ವೇಗಸ್‌ನಲ್ಲಿ ಮತ್ತೆ ಎದುರಾದಾಗ 14ನೇ ಸುತ್ತಿನಲ್ಲಿ ನಿಲ್ಲಿಸಬೇಕಾಯಿತು.

ಎಂಟನೇ ಸುತ್ತಿಗೆ ಮುಗಿದ ದೊಡ್ಡ ಪಂದ್ಯ

1981ರ ಆಗಸ್ಟ್ 21ರಂದು ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಎದುರು ಬಂದವನು ಪೋರ್ಟೊ ರಿಕೊದ ವಿಲ್ಫ್ರೆಡೊ ಗೋಮೆಸ್. ಅವನ ದಾಖಲೆ ಓದಿದರೆ ಭಯವಾಗುತ್ತದೆ. ಮೊದಲ ಪಂದ್ಯ ಸಮ, ಆಮೇಲೆ 32 ಗೆಲುವು, 32ಕ್ಕೆ 32 ನಾಕೌಟ್. ಒಂದು ಸಲವೂ ತೀರ್ಪುಗಾರರ ಅಂಕಕ್ಕೆ ಕಾದವನಲ್ಲ. 1978ರಲ್ಲಿ ಮೆಕ್ಸಿಕೊದ ಹೆಮ್ಮೆಯ ಕಾರ್ಲೋಸ್ ಸಾರಾಟೆಯನ್ನು ಐದೇ ಸುತ್ತಿನಲ್ಲಿ ಮುಗಿಸಿದ್ದ. ಸಾರಾಟೆ ಅಲ್ಲಿಯವರೆಗೆ ಸೋತೇ ಇರಲಿಲ್ಲ. ಆ ನೋವು ಮೆಕ್ಸಿಕೊದಲ್ಲಿ ಇನ್ನೂ ಹಸಿಯಾಗಿತ್ತು.

ಗೋಮೆಸ್ ಪಂದ್ಯಕ್ಕೆ ಮೊದಲೇ ದೊಡ್ಡ ಮಾತಾಡಿದ್ದ. ಸಾಂಚೆಸ್ ಹೆಚ್ಚು ಮಾತಾಡಲಿಲ್ಲ. ಗಂಟೆ ಬಾರಿಸಿತು, ಗೋಮೆಸ್ ನುಗ್ಗಿದ, ಮೊದಲ ಸುತ್ತಿನಲ್ಲೇ ನೆಲಕ್ಕೆ ಬಿದ್ದ. ಎದ್ದ, ಮತ್ತೆ ಹೋರಾಡಿದ. ಅವನೂ ಸಾಮಾನ್ಯನಲ್ಲ. ಆದರೆ ಸುತ್ತು ಸುತ್ತಿಗೂ ಅವನ ಮುಖ ಊದಿಕೊಳ್ಳುತ್ತಾ ಕಣ್ಣು ಮುಚ್ಚಿಕೊಳ್ಳುತ್ತಾ ಬಂತು. 8ನೇ ಸುತ್ತಿನಲ್ಲಿ ಎಲ್ಲ ಮುಗಿಯಿತು. ಸಾಂಚೆಸ್‌ನ ಹತ್ತು ಪಟ್ಟದ ಪಂದ್ಯಗಳಲ್ಲಿ ಅತಿ ಬೇಗ ಮುಗಿದದ್ದು ಇದೇ. ಎಲ್ಲಕ್ಕಿಂತ ಜೋರಾಗಿ ಹೊಡೆಯುವವನೇ ಎಲ್ಲರಿಗಿಂತ ಬೇಗ ಸೋತ. ಕಾರಣ ಸರಳ. ಅವನಷ್ಟು ಜೋರಾಗಿ ನುಗ್ಗಿದವರು ಬೇರೆ ಯಾರೂ ಇರಲಿಲ್ಲ.

ಅದೇ ವರ್ಷ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಪ್ಯಾಟ್ ಕೌಡೆಲ್ ಇದಕ್ಕೆ ತದ್ವಿರುದ್ಧ ಆಟ ಆಡಿದ. ನುಗ್ಗಲಿಲ್ಲ. ದೂರದಿಂದಲೇ ಚುಚ್ಚುತ್ತಾ ಅಂಕ ಕೂಡಿಸಿದ. ಕೌಂಟರ್ ಹೊಡೆಯುವವನಿಗೆ ಇದೇ ಕಷ್ಟ, ಬರುವವನೇ ಬರದಿದ್ದರೆ ಏನು ಮಾಡುವುದು? 15ನೇ ಸುತ್ತಿನಲ್ಲಿ ಸಾಂಚೆಸ್ ತಾನೇ ಮುಂದೆ ಹೋಗಿ ಕೌಡೆಲ್‌ನನ್ನು ಬೀಳಿಸಿದ. ಬಿದ್ದರೆ ಒಂದು ಅಂಕ ಹೆಚ್ಚುವರಿಯಾಗಿ ಹೋಗುತ್ತದೆ. ಮೂವರು ತೀರ್ಪುಗಾರರಲ್ಲಿ ಇಬ್ಬರು ಸಾಂಚೆಸ್ ಕಡೆ, ಒಬ್ಬರು ಕೌಡೆಲ್ ಕಡೆ. ಪಟ್ಟ ಉಳಿಯಿತು.

ಕೊನೆಯ ಪಂದ್ಯ

1982ರ ಜುಲೈ 21, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆಡಬೇಕಿದ್ದವನು ಗಾಯಗೊಂಡು ಹಿಂದೆ ಸರಿದಿದ್ದ. ಬದಲಿಗೆ ಆಫ್ರಿಕಾದ ಘಾನಾದಿಂದ ಕೆಲವೇ ದಿನಗಳ ಅವಸರದಲ್ಲಿ ಒಬ್ಬನನ್ನು ಕರೆತಂದರು. ಹೆಸರು ಅಜುಮಾ ನೆಲ್ಸನ್. ಆಡಿದ್ದು 13 ಪಂದ್ಯ, ಅಮೆರಿಕದಲ್ಲಿ ಅವನ ಹೆಸರು ಕೇಳಿದವರೇ ಕಡಿಮೆ. ಸುಲಭದ ತುತ್ತು ಎಂದುಕೊಂಡರು.

ನೆಲ್ಸನ್ ತುತ್ತಾಗಲಿಲ್ಲ. ಹಿಂದೆ ಸರಿಯಲೂ ಇಲ್ಲ. 7ನೇ ಸುತ್ತಿನಲ್ಲಿ ಬಿದ್ದು ಎದ್ದ ಮೇಲೂ ಸಮಸಮವಾಗಿ ಹೊಡೆದಾಡಿದ. 14 ಸುತ್ತು ಮುಗಿದಾಗಲೂ ಪಂದ್ಯ ಯಾರ ಕೈಗೆ ಹೋಗುತ್ತದೆ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಆಗ 15ನೇ ಸುತ್ತಿನ ಗಂಟೆ ಬಾರಿಸಿತು. 42 ನಿಮಿಷ ಹೊಡೆದಾಡಿದ ಮನುಷ್ಯ ಆಗ ತಾನೇ ಶುರು ಮಾಡಿದವನ ಹಾಗೆ ಬಂದ. ನೆಲ್ಸನ್ ಬಿದ್ದ, ಎದ್ದ, ಸಾಂಚೆಸ್ ಬಿಡಲಿಲ್ಲ. ರೆಫರಿ ನಡುವೆ ಬಂದು ಪಂದ್ಯ ನಿಲ್ಲಿಸಿದರು.

ಇದಾಗಿ 22ನೇ ದಿನ, ಆಗಸ್ಟ್ 12ರ ನಸುಕಿನಲ್ಲಿ, ಮೆಕ್ಸಿಕೊದ ಕೆರೆಟಾರೊ ಮತ್ತು ಸಾನ್ ಲೂಯಿಸ್ ಪೊಟೊಸಿ ನಡುವಿನ ಹೆದ್ದಾರಿಯಲ್ಲಿ ಸಾಂಚೆಸ್ ತನ್ನ ಪೋರ್ಷೆ ಕಾರು ಓಡಿಸಿಕೊಂಡು ಹೋಗುತ್ತಿದ್ದ. ಕಾರು ಲಾರಿಗೆ ಡಿಕ್ಕಿ ಹೊಡೆಯಿತು. ಅಲ್ಲಿಗೆ ಎಲ್ಲ ಮುಗಿಯಿತು. ಮುಂದಿನ ತಿಂಗಳ ಪಂದ್ಯಕ್ಕೆ ತಾಲೀಮು ನಡೆಸಿದ್ದ. ಮನೆಯಲ್ಲಿ ಹೆಂಡತಿ, ಇಬ್ಬರು ಎಳೆ ಮಕ್ಕಳು. ರಿಂಗ್‌ನಲ್ಲಿ ಒಂದು ಹೆಜ್ಜೆಯನ್ನೂ ಅವಸರದಲ್ಲಿ ಇಡದವನನ್ನು ರಸ್ತೆ ಒಂದು ಕ್ಷಣದಲ್ಲಿ ಕೊಂಡುಹೋಯಿತು.

ಅವನು ಬಿಟ್ಟುಹೋದ ಪಟ್ಟ ಯಾರ ಕೈಗೆ ಹೋಯಿತು ನೋಡಿ. ಅದೇ ಸೆಪ್ಟೆಂಬರಿನಲ್ಲಿ ಅದನ್ನು ಗೆದ್ದವನು ಹುವಾನ್ ಲಪೋರ್ಟ್. 1984ರ ಮಾರ್ಚ್‌ನಲ್ಲಿ ಲಪೋರ್ಟ್‌ನಿಂದ ಕಿತ್ತುಕೊಂಡವನು ಗೋಮೆಸ್. ಡಿಸೆಂಬರಿನಲ್ಲಿ ಗೋಮೆಸ್‌ನನ್ನು ಸೋಲಿಸಿದವನು ನೆಲ್ಸನ್. ಮೂವರೂ ಸಾಂಚೆಸ್ ಕೈಯಲ್ಲಿ ಸೋತವರು. ಹೆಸರೇ ಕೇಳಿರದ ಆ ನೆಲ್ಸನ್ ಮುಂದೆ ಆಫ್ರಿಕಾ ಕಂಡ ಅತಿ ದೊಡ್ಡ ಬಾಕ್ಸರ್‌ಗಳಲ್ಲಿ ಒಬ್ಬನಾದ. ಸತ್ತವರನ್ನು ನಾವು ಹೊಗಳಿ ದೊಡ್ಡವರನ್ನಾಗಿ ಮಾಡುತ್ತೇವೆ ಎಂಬ ಮಾತಿದೆ. ಸಾಂಚೆಸ್ ವಿಷಯದಲ್ಲಿ ಆ ಕೆಲಸವನ್ನು ಅವನ ಎದುರಾಳಿಗಳೇ ಮಾಡಿದರು, ಗೆದ್ದು ತೋರಿಸಿ.

ಆ ಒಂಬತ್ತು ನಿಮಿಷ ಎಲ್ಲಿ ಹೋಯಿತು?

ಇಲ್ಲಿಗೆ ನಿಲ್ಲಿಸಿದರೆ ಬರೀ ಅಭಿಮಾನಿಯ ಮಾತಾಗುತ್ತದೆ. ಇನ್ನೊಂದು ವಿಷಯ ಹೇಳಲೇಬೇಕು.

ಸಾಂಚೆಸ್ ಸತ್ತ ಮೂರು ತಿಂಗಳಿಗೆ, 1982ರ ನವೆಂಬರ್ 13ರಂದು, ಗೋಮೆಸ್ ಸೋತಿದ್ದ ಅದೇ ಸೀಸರ್ಸ್ ಪ್ಯಾಲೇಸ್‌ನಲ್ಲಿ ಅಮೆರಿಕದ ರೇ ಮಾನ್ಸಿನಿ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಆಡಿದ. ಹಿಂದೆ ಸರಿಯದೆ ಏಟು ಕೊಟ್ಟ, ಏಟು ತಿಂದ. 14ನೇ ಸುತ್ತಿನಲ್ಲಿ ಬಿದ್ದ. ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಜ್ಞೆ ತಪ್ಪಿದವನಿಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಕೆಲವೇ ದಿನಗಳಲ್ಲಿ ತೀರಿಕೊಂಡ. ಅಮೆರಿಕದ ಮನೆಮನೆಯ ಟಿವಿಯಲ್ಲಿ ಜನ ಆ ಪಂದ್ಯವನ್ನು ನೋಡಿದ್ದರು. ಆ ವರ್ಷ ಮುಗಿಯುವುದರೊಳಗೆ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಪಟ್ಟದ ಪಂದ್ಯಗಳನ್ನು 12 ಸುತ್ತಿಗೆ ಇಳಿಸಲು ತೀರ್ಮಾನಿಸಿತು. ಸಾಂಚೆಸ್ ಹೊತ್ತಿದ್ದ ಪಟ್ಟವೂ ಇದೇ ಸಂಸ್ಥೆಯದು. ಬೇರೆ ಸಂಸ್ಥೆಗಳೂ ಆ ದಶಕದಲ್ಲೇ ಅದೇ ದಾರಿ ಹಿಡಿದವು.

ಹಾಗಾದರೆ ನಾವು ಯಾವುದನ್ನು ಮೆಚ್ಚುತ್ತಿದ್ದೇವೆ? ಲೋಪೆಜ್ ಸೋತದ್ದು 13 ಮತ್ತು 14ನೇ ಸುತ್ತಿನಲ್ಲಿ. ನೆಲ್ಸನ್ ಬಿದ್ದದ್ದು 15ರಲ್ಲಿ. ಕಿಮ್ ಪ್ರಾಣ ಹೋಗುವ ಏಟು ತಿಂದದ್ದು 14ರಲ್ಲಿ. ದಣಿದ ಮಿದುಳಿಗೆ ಏಟು ಬೀಳುವ ಹೊತ್ತು ಅದು. ಆ ಸುತ್ತುಗಳನ್ನು ತೆಗೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. 15 ಸುತ್ತು ಇದ್ದಾಗಲೇ ಗಂಡಸರ ಆಟ ಇತ್ತು ಎಂದು ಮೀಸೆ ತಿರುಗಿಸುವವರು ಒಮ್ಮೆ ಕಿಮ್‌ನನ್ನು ನೆನೆಯಬೇಕು.

ಆದರೂ ಸಾಂಚೆಸ್ ಮೇಲಿನ ಮೆಚ್ಚುಗೆ ನನ್ನಲ್ಲಿ ಕಡಿಮೆಯಾಗಲಿಲ್ಲ. ಅವನ ಪಂದ್ಯಗಳನ್ನು ಮತ್ತೆ ನೋಡಿದಾಗ ಕಾರಣ ಹೊಳೆಯಿತು. ಅವನು ಏಟು ತಿಂದು ತಾಳಿಕೊಂಡು 15ನೇ ಸುತ್ತಿಗೆ ಬಂದವನಲ್ಲ. ಎರಡು ಬೆರಳಿನಷ್ಟು ತಲೆ ಸರಿಸಿ, ಒಂದೊಂದೇ ಏಟು ತಪ್ಪಿಸಿ, ತನ್ನನ್ನು ತಾನು ಉಳಿಸಿಕೊಂಡು ಬಂದವನು. ಕೊನೆಯಲ್ಲಿ ಅವನು ಖರ್ಚು ಮಾಡಿದ್ದು ಮೊದಲ ಸುತ್ತಿನಿಂದ ಕೂಡಿಟ್ಟದ್ದನ್ನು. ನಮ್ಮಲ್ಲಿ ಕಷ್ಟ ತಿಂದವನನ್ನು ಹೊಗಳುತ್ತೇವೆ, ಕಷ್ಟ ತಪ್ಪಿಸುವ ಜಾಣ್ಮೆ ಇದ್ದವನನ್ನು ಅಷ್ಟಾಗಿ ಗಮನಿಸುವುದಿಲ್ಲ.

1991ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವನ ಹೆಸರನ್ನು ಸೇರಿಸಿಕೊಂಡಿತು. ಅವನು ಬದುಕಿದ್ದರೆ ಆಗ 32 ವರ್ಷ.

ನೆಲ್ಸನ್ ಎದುರಿನ ಪಂದ್ಯ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಡೇಟಾ ಕಡಿಮೆ ಇದೆ ಎಂದು ನೇರವಾಗಿ 15ನೇ ಸುತ್ತಿಗೆ ಹೋಗಬೇಡಿ. ಅಲ್ಲಿ ನಿಮಗೆ ಬರೀ ಹೊಡೆತ ಕಾಣುತ್ತದೆ. ಮೊದಲ ಮೂರು ಸುತ್ತು ನೋಡಿ. ಅವನು ಏನೇನು ಮಾಡುವುದಿಲ್ಲ ಎಂಬುದನ್ನು ಗಮನಿಸಿ. ಕೊನೆಯ ಸುತ್ತನ್ನು ಅವನು ಗೆದ್ದದ್ದು ಅಲ್ಲೇ.